ಚಳಿಯನ್ನೆಣಿಸುವ ಮೊಗ್ಗು

ನಮ್ಮ ಕಡೆಯ ಬೇವು, ಹೊಂಗೆಗಳು ಎಲೆಯುದುರಿಸಿದ ಕೆಲವೇ ದಿನಗಳಲ್ಲಿ ಮತ್ತೆ ಚಿಗುರುತ್ತವೆ. ಇದನ್ನು ಕಂಡು ಬೆಳೆದ ನಮಗೆ, ವರ್ಷದಲ್ಲಿ ಮೂರು ನಾಲ್ಕು ತಿಂಗಳು ಬರಿಗೊಂಬೆಗಳನ್ನು ಹೊತ್ತು ನಿಲ್ಲುವ ಸೇಬಿನ ಮರದ ಸ್ಥಿತಿ ವಿಚಿತ್ರವಾಗಿ ತೋರುವುದು ಸಹಜ. ಚಳಿ ಕಳೆದು ಬಿಸಿಲೇರಿದೊಡನೆ ಆ ಮರ ಹೂ ಬಿಡುತ್ತದೆಂದು ನಾವು ಭಾವಿಸುತ್ತೇವೆ. ಈ ಮಾತು ಅರ್ಧ ಮಾತ್ರ ಸತ್ಯ. ಮುಂಚಿತವಾಗಿ ಸಾಕಷ್ಟು ಚಳಿಯನ್ನು ಉಣ್ಣದ ಮೊಗ್ಗು, ಎಷ್ಟು ಬಿಸಿಲು ಬಂದರೂ ಸರಿಯಾಗಿ ಒಡೆಯುವುದಿಲ್ಲ.

ಏಪ್ರಿಲ್‌ನಲ್ಲಿ ಅರಳುವ ಹೂವು ವಾಸ್ತವವಾಗಿ ಹಿಂದಿನ ಬೇಸಿಗೆಯಲ್ಲಿಯೇ ಮೊಗ್ಗಿನೊಳಗೆ ರೂಪುಗೊಂಡಿರುತ್ತದೆ. ಆಗ ಅದು ಸುಮ್ಮನಿರುವುದು ಕೊಂಬೆಯ ತುದಿಯ ಮತ್ತು ಎಲೆಗಳ ಅಂಕೆಯಿಂದ. ಎಲೆಗಳನ್ನು ಕಿತ್ತರೆ ಅದು ಒಡೆಯಲೂಬಹುದು. ಶರತ್ಕಾಲದ ತಂಪು ಹೆಚ್ಚಿದಂತೆ ಈ ಅಂಕೆ ಹೊರಗಿನಿಂದ ಮೊಗ್ಗಿನ ಒಳಕ್ಕೇ ಇಳಿಯುತ್ತದೆ. ಇದೇ ನಿಜವಾದ ಸುಪ್ತಾವಸ್ಥೆ. ಈ ಅವಧಿಯಲ್ಲಿ ಕೊಂಬೆಯೊಂದನ್ನು ಕತ್ತರಿಸಿ ಬೆಚ್ಚಗಿನ ಕೋಣೆಯಲ್ಲಿ ನೀರಿನಲ್ಲಿರಿಸಿದರೂ ಮೊಗ್ಗು ಕದಲದು. ಬೇಕಾದಷ್ಟು ಚಳಿ ಸಂದ ಬಳಿಕ ಒಳಗಿನ ಬೀಗ ಕಳಚುತ್ತದೆ. ಅನಂತರ ಮೊಗ್ಗು ಕಾಯುವುದು ಬಿಸಿಗಾಗಿ ಮಾತ್ರ. ಡಿಸೆಂಬರ್ ತಿಂಗಳ ಒಂದು ವಾರದ ಎಳೆಬಿಸಿಲಿಗೆ ಮೋಸಹೋಗಿ ಮರ ಹೂ ಬಿಟ್ಟರೆ ಜನವರಿಯ ಹಿಮದಲ್ಲಿ ಸರ್ವನಾಶವೇ ಸರಿ. ಆದುದರಿಂದಲೇ ಈ ಎಚ್ಚರಿಕೆ.

ಈ ಸಂಗತಿಯನ್ನು ಪ್ರಯೋಗದಿಂದ ತೋರಿಸಿಕೊಟ್ಟವರಲ್ಲಿ ಅಮೆರಿಕೆಯ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ ಪ್ರಮುಖರು. 1920ರಲ್ಲಿ ಪ್ರಕಟವಾದ ಅವರ ಪ್ರಯೋಗ ಅತ್ಯಂತ ಸರಳವಾದುದು. ಬ್ಲೂಬೆರ್ರಿ ಗಿಡವನ್ನು ಬೆಚ್ಚಗಿನ ಗಾಜಿನ ಮನೆಯಲ್ಲಿಟ್ಟು, ಅದರ ಒಂದು ರೆಂಬೆಯನ್ನು ಮಾತ್ರ ರಂಧ್ರದ ಮೂಲಕ ಹೊರಗಿನ ಚಳಿಗೆ ಚಾಚಿದರು. ವಸಂತ ಬಂದಾಗ ಹೊರಗಿದ್ದ ರೆಂಬೆ ಚಿಗುರಿತು. ಸುಖವಾಗಿ ಒಳಗಿದ್ದ ರೆಂಬೆಗಳು ಬರಿದಾಗಿಯೇ ಉಳಿದವು. ಬೇರು ಒಂದೇ, ಕಾಂಡ ಒಂದೇ. ಅಂದಮೇಲೆ ಚಳಿಯ ಲೆಕ್ಕವನ್ನು ಇಡುವುದು ಇಡೀ ಮರವಲ್ಲ, ಒಂದೊಂದು ಮೊಗ್ಗೂ ತನ್ನದನ್ನು ತಾನೇ ಇಡುತ್ತದೆ ಎಂದಾಯಿತು. ಮೆಕ್ಸಿಕೋದಲ್ಲಿ ದೊರೆತ ಒಂದು ಬಗೆಯ ಪೀಚ್ ಗಿಡ ಚಳಿ ಬಂದರೂ ನಿದ್ರಿಸದೆ ಬೆಳೆಯುತ್ತಲೇ ಇರುತ್ತದೆ. ಅದರಲ್ಲಿ ಸುಪ್ತಾವಸ್ಥೆಗೆ ಸಂಬಂಧಿಸಿದ ವಂಶವಾಹಿಗಳ ಗುಂಪೊಂದು ಭಂಗಗೊಂಡಿರುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ.

ಲೆಕ್ಕದ ಕ್ರಮ ಹೇಗೆ? ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಉಷ್ಣತೆಯಲ್ಲಿ ಕಳೆದ ಗಂಟೆಗಳನ್ನು ಕೂಡಿಸುವುದು ಹಳೆಯ ವಿಧಾನ. ರಾಯಲ್ ಡೆಲಿಷಿಯಸ್ ಜಾತಿಯ ಸೇಬಿಗೆ ಇಂಥ 1000ದಿಂದ 1200 ಗಂಟೆಗಳು ಬೇಕೆನ್ನುತ್ತಾರೆ. 1974ರಲ್ಲಿ ಅಮೆರಿಕೆಯ ಯೂಟಾದ ವಿಜ್ಞಾನಿಗಳು ಇದನ್ನು ತಿದ್ದಿದರು. ಅವರ ಪ್ರಕಾರ ಕೊರೆಯುವ ಹಿಮಕ್ಕಿಂತ 3ರಿಂದ 9 ಡಿಗ್ರಿಯ ಹದವಾದ ಚಳಿಯೇ ಮೊಗ್ಗಿಗೆ ಹೆಚ್ಚು ಹಿತ. ಅಷ್ಟೇ ಅಲ್ಲ, 16 ಡಿಗ್ರಿ ಮೀರಿದ ಚಳಿಗಾಲದ ಮಧ್ಯಾಹ್ನ ರಾತ್ರಿಯ ಗಳಿಕೆಯನ್ನು ಕಳೆದುಬಿಡುತ್ತದೆ. ಅಂದರೆ ಜಮೆಯೊಂದಿಗೆ ಖರ್ಚೂ ಉಂಟು.

ಈ ಖರ್ಚೇ ಇಂದು ಹಿಮಾಚಲ ಪ್ರದೇಶದ ಬೆಳೆಗಾರರನ್ನು ಕಾಡುತ್ತಿದೆ. ಶಿಮ್ಲಾ ಜಿಲ್ಲೆಯ ಕೋಟಗಢದಲ್ಲಿ ಅಮೆರಿಕೆಯಿಂದ ಬಂದು ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರ ಸುಮಾರಿಗೆ ಡೆಲಿಷಿಯಸ್ ಸೇಬನ್ನು ನೆಟ್ಟರು. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡು, ಮುಂದೆ ಸತ್ಯಾನಂದರೆಂದು ಹೆಸರಾದವರು ಇವರೇ. ಅವರು ನೆಟ್ಟ ಬೆಳೆಯಿಂದ ಬಡ ಬೆಟ್ಟದ ಹಳ್ಳಿಗಳು ಮನೆ ಕಟ್ಟಿದವು, ಮಕ್ಕಳನ್ನು ಓದಿಸಿದವು. ಈಗ ಚಳಿಗಾಲ ಬೆಚ್ಚಗಾಗುತ್ತ, ಹಿಮ ಕಡಮೆಯಾಗುತ್ತ ಬಂದಿರುವುದರಿಂದ ತಗ್ಗಿನ ತೋಟಗಳು ಸೊರಗಿವೆ. ಕುಲ್ಲು ಕಣಿವೆಯ ಕೆಳಭಾಗದಲ್ಲಿ ಅನೇಕರು ಸೇಬು ಕಡಿದು ದಾಳಿಂಬೆ, ತರಕಾರಿಗಳಿಗೆ ತಿರುಗಿದ್ದಾರೆ. ಸೇಬು ಕಿನ್ನೌರ್, ಲಾಹೌಲ್‌ಗಳ ಎತ್ತರಕ್ಕೆ ಏರುತ್ತಿದೆ. ಮರವನ್ನು ಮೇಲೆ ನೆಡಬಹುದು. ಕೆಳಗೆ ಐದು ಎಕರೆ ಉಳ್ಳವನು ಮೇಲೆ ಭೂಮಿಯನ್ನು ಎಲ್ಲಿಂದ ತರಬೇಕು?

ಚಳಿ ಸಾಲದ ವರ್ಷ ಮರ ಹೂವೇ ಬಿಡುವುದಿಲ್ಲವೆಂದಲ್ಲ. ಅಲ್ಲೊಂದು ಇಲ್ಲೊಂದರಂತೆ ವಾರಗಟ್ಟಲೆ ಬಿಡುತ್ತದೆ. ಹೆಚ್ಚಿನ ಸೇಬಿನ ಜಾತಿಗಳು ತಮ್ಮ ಪರಾಗದಿಂದ ತಾವೇ ಚೆನ್ನಾಗಿ ಕಾಯಿಕಟ್ಟಲಾರವು. ಆದ್ದರಿಂದ ಪರಾಗಕ್ಕಾಗಿ ಗೋಲ್ಡನ್ ಡೆಲಿಷಿಯಸ್‌ನಂತಹ ಬೇರೆ ಜಾತಿಯನ್ನು ನಡುನಡುವೆ ನೆಟ್ಟಿರುತ್ತಾರೆ. ಎರಡರ ಚಳಿಯ ಲೆಕ್ಕ ಬೇರೆಯಾದುದರಿಂದ, ಒಂದು ಅರಳುವಾಗ ಇನ್ನೊಂದು ಮಲಗಿರುತ್ತದೆ. ಬೆಳೆಗಾರರು ಬಾಡಿಗೆಗೆ ಜೇನುಪೆಟ್ಟಿಗೆ ತಂದಿಟ್ಟರೂ ಹೊರಲು ಪರಾಗವಿಲ್ಲದ ಜೇನು ಏನು ಮಾಡೀತು! ಇನ್ನು ಚಳಿ ಸಂದು ಫೆಬ್ರವರಿ, ಮಾರ್ಚ್ ಅತಿಯಾಗಿ ಬೆಚ್ಚಗಾದರೆ ಅಪಾಯ ಬೇರೆ. ನಡುಚಳಿಯಲ್ಲಿ ಶೂನ್ಯಕ್ಕಿಂತ 20 ಡಿಗ್ರಿ ಕೆಳಗನ್ನೂ ತಾಳುವ ಮೊಗ್ಗು, ಹೂವಾಗಿ ಅರಳಿದ ಮೇಲೆ ಶೂನ್ಯಕ್ಕಿಂತ 2 ಡಿಗ್ರಿ ಕೆಳಗಿಳಿದರೇ ಸಾಯತೊಡಗುತ್ತದೆ.

ಅಲ್ಪ ಚಳಿಯ ತಳಿಗಳು ಒಂದು ಪರಿಹಾರ. ಇಸ್ರೇಲಿನ 'ಅನ್ನಾ', ಬಹಾಮಾ ದ್ವೀಪದಲ್ಲಿ ದೊರೆತ 'ಡಾರ್ಸೆಟ್ ಗೋಲ್ಡನ್' ಸುಮಾರು 300 ಗಂಟೆಯಷ್ಟರಲ್ಲೇ ತೃಪ್ತಿಪಡುತ್ತವೆ. ಹಿಮಾಚಲದ ಬಿಲಾಸಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ತಗ್ಗುಪ್ರದೇಶದಲ್ಲಿಯೇ ಬೆಳೆಸಿದ 'ಎಚ್‌ಆರ್‌ಎಮ್‌ಎನ್-99' ತಳಿಗಾಗಿ 2025ರಲ್ಲಿ ಪದ್ಮಶ್ರೀ ಪಡೆದರು. ಇವುಗಳ ಸಸಿಗಳು ಕರ್ನಾಟಕಕ್ಕೂ ಬಂದಿವೆ. ಕುತೂಹಲಕ್ಕೆ ಹಿತ್ತಿಲಲ್ಲಿ ಎರಡು ನೆಡುವುದು ಒಳ್ಳೆಯದೇ. ಆದರೆ ಹತ್ತಿರದಲ್ಲಿ ನಾಲ್ಕೈದು ವರ್ಷ ಫಲ ಕೊಟ್ಟ ತೋಟವನ್ನು ಕಣ್ಣಾರೆ ಕಾಣದೆ, ಸಸಿ ಮಾರುವವರ ಮಾತಿಗೆ ಸಾಲ ಮಾಡಿ ಎಕರೆಗಟ್ಟಲೆ ನೆಡುವುದನ್ನು ನಾನು ಒಪ್ಪಲಾರೆ.

ಚಳಿಯಿಲ್ಲದೆಯೇ ಮೊಗ್ಗನ್ನು ಎಬ್ಬಿಸುವ ಉಪಾಯಗಳೂ ಉಂಟು. ಇಂಡೊನೇಷಿಯಾದ ಬಾಟು ಎಂಬಲ್ಲಿ ಸುಗ್ಗಿಯಾದೊಡನೆ ಸೇಬಿನ ಎಲೆಗಳನ್ನೆಲ್ಲ ಕೈಯಿಂದ ಕಿತ್ತುಹಾಕುತ್ತಾರೆ. ಗಾಢನಿದ್ರೆಗೆ ಅವಕಾಶ ಸಿಗದ ಮೊಗ್ಗುಗಳು ಅರಳಿ ವರ್ಷಕ್ಕೆ ಎರಡು ಬೆಳೆ ಬರುತ್ತದೆ. ಇನ್ನೊಂದು ಉಪಾಯ ರಾಸಾಯನಿಕದ್ದು. ಬಿಜಾಪುರ ಸೀಮೆಯ ದ್ರಾಕ್ಷಿ ಬೆಳೆಗಾರರಿಗೆ ಇದರ ಪರಿಚಯವಿದೆ. ಅಕ್ಟೋಬರ್ ಚಾಟ್ನಿಯ ನಂತರ ಕಡ್ಡಿಯ ಕಣ್ಣುಗಳೆಲ್ಲ ಒಟ್ಟಿಗೆ ಒಡೆಯಲೆಂದು ಹಚ್ಚುವ ಹೈಡ್ರೋಜನ್ ಸೈನಮೈಡ್, ಸೇಬು ಪೀಚ್‌ಗಳಿಗೆ ಚಳಿ ಸಾಲದ ದೇಶಗಳಲ್ಲಿಯೂ ಬಳಕೆಯಲ್ಲಿದೆ. ಅದು ಬಲು ವಿಷಕಾರಿ. ಯುರೋಪಿನ ಒಕ್ಕೂಟ 2008ರಲ್ಲಿಯೇ ಅದಕ್ಕೆ ಅನುಮತಿ ನಿರಾಕರಿಸಿತು. ಅದನ್ನು ಬರಿಗೈಯಿಂದ ಹಚ್ಚಿದರೆ ಚರ್ಮ ಸುಡುತ್ತದೆ. ಹಚ್ಚಿದ ಆಳು ಅದಕ್ಕೆ ಮುನ್ನ ಅಥವಾ ಆಮೇಲಿನ ದಿನಗಳಲ್ಲಿ ಮದ್ಯ ಸೇವಿಸಿದರೆ ಮುಖ ಕೆಂಪೇರಿ, ಎದೆಬಡಿತ ಹೆಚ್ಚಿ, ಉಸಿರು ಕಟ್ಟಿ ಆಸ್ಪತ್ರೆ ಸೇರಬೇಕಾಗುತ್ತದೆ. ತೋಟದ ಯಜಮಾನರು ಕೈಗವಸು ಕೊಡುವುದರ ಜೊತೆಗೆ ಈ ಮಾತನ್ನೂ ಆಳುಗಳಿಗೆ ಬಿಡಿಸಿ ಹೇಳಬೇಕು.