ಏಳು ಸೆಕೆಂಡಿನ ಸಾಕ್ಷಿ

ಪುಟ್ಟೇನಹಳ್ಳಿಯ ಮತಗಟ್ಟೆಯೊಂದರಲ್ಲಿ ನಾವು ಮತಯಂತ್ರದ ಗುಂಡಿಯನ್ನೊತ್ತುತ್ತೇವೆ. ‘ಬೀಪ್’ ಎಂಬ ಸದ್ದು ಕೇಳಿಬರುತ್ತದೆ. ನಮ್ಮ ಮತವು ನಾವು ಬಯಸಿದವರಿಗೇ ಸಂದಿತೆಂದು ತಿಳಿಯುವುದೆಂತು? ಇಂತಹ ಯಂತ್ರಗಳನ್ನು ತಯಾರಿಸುವ ಭಾರತ್ ಎಲೆಕ್ಟ್ರಾನಿಕ್ಸಿನ ಕಾರ್ಖಾನೆಯು ಸಮೀಪದ ಜಾಲಹಳ್ಳಿಯಲ್ಲಿಯೇ ಇದೆ. ಆದರೆ ನೆರೆಯವರೆಂಬ ಹೆಮ್ಮೆಯು ಈ ಪ್ರಶ್ನೆಗೆ ಉತ್ತರವಾಗಲಾರದು.

ಹಿಂದೆ ಮತಪತ್ರವು ಕಣ್ಣೆದುರಿನಲ್ಲಿಯೇ ಪೆಟ್ಟಿಗೆಗೆ ಬೀಳುತ್ತಿತ್ತು; ಸಂಶಯ ಬಂದರೆ ಮತ್ತೆ ಎಣಿಸಬಹುದಿತ್ತು. ಯಂತ್ರದೊಳಗಿನ ಸಂಖ್ಯೆಯಾದರೋ ಕಣ್ಣಿಗೆ ಕಾಣದು. ಎಷ್ಟು ಸಲ ಕೇಳಿದರೂ ಯಂತ್ರವು ಮೊದಲು ಹೇಳಿದುದನ್ನೇ ಹೇಳೀತು. ಈ ಕೊರತೆಯನ್ನು ನೀಗಲೆಂದು 2013ರಲ್ಲಿ, ನಾಗಾಲ್ಯಾಂಡಿನ ನೋಕ್ಸೆನ್ ಕ್ಷೇತ್ರದಲ್ಲಿ ಮೊದಲ ಬಾರಿಗೆ, ‘ವಿವಿಪ್ಯಾಟ್’ ಎಂಬ ಪುಟ್ಟ ಮುದ್ರಣಯಂತ್ರವನ್ನು ಜೋಡಿಸಿದರು. ಅಭ್ಯರ್ಥಿಯ ಹೆಸರು ಮತ್ತು ಚಿಹ್ನೆಯನ್ನು ಅಚ್ಚೊತ್ತಿದ ಚೀಟಿಯು ಗಾಜಿನ ಕಿಂಡಿಯಲ್ಲಿ ಏಳು ಸೆಕೆಂಡು ಕಾಣಿಸಿಕೊಂಡು, ತುಂಡಾಗಿ, ಮೊಹರು ಹಾಕಿದ ಪೆಟ್ಟಿಗೆಗೆ ಬೀಳುತ್ತದೆ. ಅದನ್ನು ಮತದಾರನ ಕೈಗೆ ಕೊಡುವುದಿಲ್ಲ. ಕೊಟ್ಟರೆ, ಹಣ ತೆತ್ತು ಮತ ಕೊಂಡವನಿಗೆ ಅದೇ ರಸೀತಿ!

ಎಣಿಸದೆ ಬಿಟ್ಟ ಚೀಟಿಯಿಂದ ಪ್ರಯೋಜನವೇನು? ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳ ಚೀಟಿಗಳನ್ನು ಎಣಿಸಬೇಕೆಂದು 2019ರಲ್ಲಿ ಸುಪ್ರೀಂ ಕೋರ್ಟು ವಿಧಿಸಿತು; ಎಲ್ಲವನ್ನೂ ಎಣಿಸಬೇಕೆಂಬ ಕೋರಿಕೆಯನ್ನು 2024ರಲ್ಲಿ ತಳ್ಳಿಹಾಕಿತು. ಆ ಐದು ಮತಗಟ್ಟೆಗಳು ಯಾವುವೆಂಬುದನ್ನು ಮತದಾನವೆಲ್ಲ ಮುಗಿದ ಮೇಲೆಯೇ ಲಾಟರಿಯೆತ್ತಿ ಆರಿಸುತ್ತಾರೆ. ಮೊದಲೇ ತಿಳಿದಿದ್ದರೆ, ಕೈಚಳಕ ತೋರಬಯಸುವವನು ಆ ಐದನ್ನು ಬಿಟ್ಟು ಉಳಿದವುಗಳ ಮೇಲೆ ಕಣ್ಣಿಡುತ್ತಿದ್ದನಲ್ಲವೆ?