ಕೈಕುಲುಕುವುದೂ ಕೆಲಸ ಬಿಡುವುದೂ

ಅಮೇರಿಕಾದ ಬಾಸ್ಕೆಟ್‌ಬಾಲ್ ಪಟು ಲೆಬ್ರಾನ್ ಜೇಮ್ಸನ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿಯೇ ಇರುವರು. ಆಟವನ್ನು ಕಣ್ಣಾರೆ ಕಂಡವರೂ ಇರಬಹುದು. ಮುಂಬಯಿಯ ನಾಗಪಾಡಾದಲ್ಲಿ ಬಾಸ್ಕೆಟ್‌ಬಾಲಿಗಿರುವ ಮರ್ಯಾದೆ ಬೇರೆ ಬೀದಿಗಳಲ್ಲಿ ಕ್ರಿಕೆಟ್ಟಿಗಿರುವಂತಹುದು. ಆದರೆ ಇಂದು ನಾನು ಬರೆಯಹೊರಟಿರುವುದು ಜೇಮ್ಸನ ಆಟದ ಕೌಶಲವನ್ನು ಕುರಿತಲ್ಲ. ಆತನು ಒಂದು ರಾತ್ರಿ ಎದುರಾಳಿಗಳ ಕೈಕುಲುಕದೆ ಅಂಗಣದಿಂದ ಹೊರಟುಹೋದುದು, ಮರುವರ್ಷ ತಂಡವನ್ನೇ ಬಿಟ್ಟು ಹೋದುದು, ಇವೆರಡನ್ನೂ ಕುರಿತು. ಈ ಎರಡು ಸಂಗತಿಗಳನ್ನೂ ಜನರು ಒಂದೇ ತಕ್ಕಡಿಯಲ್ಲಿಟ್ಟು ತೂಗಿದರು. ಹಾಗೆ ತೂಗಿದ್ದು ನ್ಯಾಯವಲ್ಲವೆಂದು ನನಗೆ ತೋರುತ್ತದೆ.

ಜೇಮ್ಸನು ಹುಟ್ಟಿದ್ದು 1984ರ ಡಿಸೆಂಬರ್ 30ರಂದು, ಓಹಾಯೋ ಪ್ರಾಂತದ ಆಕ್ರನ್ ಎಂಬ ಕೈಗಾರಿಕಾ ಪಟ್ಟಣದಲ್ಲಿ. ಆಗ ತಾಯಿಗೆ ಹದಿನಾರೇ ವರ್ಷ. ಬಾಡಿಗೆಯ ಮನೆಯಿಂದ ಮನೆಗೆ ಅಲೆಯುತ್ತ ಬೆಳೆದ ಹುಡುಗನು ಕಾಲೇಜಿನ ಮೆಟ್ಟಿಲನ್ನು ಹತ್ತದೆ, ಹೈಸ್ಕೂಲು ಮುಗಿಸಿದೊಡನೆಯೇ 2003ರಲ್ಲಿ ಎನ್.ಬಿ.ಎ. ಎಂಬ ವೃತ್ತಿಪರ ಸಂಘವನ್ನು ಸೇರಿದನು. ಅಲ್ಲಿ ಹೊಸ ಆಟಗಾರನು ತನಗೆ ಬೇಕಾದ ತಂಡವನ್ನು ಆರಿಸಿಕೊಳ್ಳುವಂತಿಲ್ಲ. ತಂಡಗಳೇ ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಆ ವರ್ಷದ ಮೊದಲನೆಯ ಸರದಿ ಕ್ಲೀವ್‌ಲೆಂಡ್ ಕ್ಯಾವಲಿಯರ್ಸ್ ತಂಡದ್ದಾಗಿತ್ತು. ಕ್ಲೀವ್‌ಲೆಂಡ್ ಆಕ್ರನ್ನಿಗೆ ನೆರೆಯ ದೊಡ್ಡ ನಗರ. ನಮ್ಮ ಊರಿನ ಹುಡುಗನೇ ನಮ್ಮ ಪಾಲಿಗೆ ಬಂದನೆಂದು ಆ ನಗರವು ಸಂಭ್ರಮಿಸಿತು. ಅಲ್ಲಿಯ ಯಾವ ದೊಡ್ಡ ತಂಡವೂ 1964ರಿಂದೀಚೆಗೆ ಚಾಂಪಿಯನ್ ಪದವಿಯನ್ನು ಕಂಡಿರಲಿಲ್ಲ.

2009ರಲ್ಲಿ ಆ ಆಸೆ ಕೈಗೂಡುವಂತೆ ಕಂಡಿತು. ಆ ಸಾಲಿನ 82 ಪಂದ್ಯಗಳಲ್ಲಿ ಕ್ಲೀವ್‌ಲೆಂಡ್ 66ನ್ನು ಗೆದ್ದಿತ್ತು. ವರ್ಷದ ಅತ್ಯುತ್ತಮ ಆಟಗಾರನೆಂಬ ಮನ್ನಣೆ ಜೇಮ್ಸನಿಗೆ ದೊರೆತಿತ್ತು. ಅಂತಿಮ ಘಟ್ಟದ ಮೊದಲೆರಡು ಸುತ್ತುಗಳಲ್ಲಿ ತಂಡವು ಒಂದು ಪಂದ್ಯವನ್ನೂ ಸೋಲಲಿಲ್ಲ. ಮೂರನೆಯ ಸುತ್ತಿನಲ್ಲಿ ಎದುರಾದುದು ಆರ್ಲಾಂಡೋ ಮ್ಯಾಜಿಕ್. ಎರಡನೆಯ ಪಂದ್ಯದಲ್ಲಿ ಒಂದೇ ಒಂದು ಸೆಕೆಂಡು ಉಳಿದಿರಲು ಜೇಮ್ಸನು ದೂರದಿಂದ ಚೆಂಡನ್ನು ಎಸೆದು 96–95ರಿಂದ ಗೆಲ್ಲಿಸಿದ ದೃಶ್ಯವನ್ನು ನೋಡಿದವರು ಮರೆಯಲಾರರು. ಆ ಸುತ್ತಿನಲ್ಲಿ ಆತನು ಪಂದ್ಯವೊಂದಕ್ಕೆ ಸರಾಸರಿ 38.5 ಅಂಕಗಳನ್ನು ಗಳಿಸಿದನು. ಒಬ್ಬ ಮನುಷ್ಯನು ಇದಕ್ಕಿಂತ ಹೆಚ್ಚಿಗೆ ಏನು ಮಾಡಿಯಾನು? ಆದರೂ ಮೇ 30ರ ರಾತ್ರಿ ಆರನೆಯ ಪಂದ್ಯದಲ್ಲಿ ಆರ್ಲಾಂಡೋ 103–90ರಿಂದ ಗೆದ್ದು ಕ್ಲೀವ್‌ಲೆಂಡನ್ನು ಮನೆಗೆ ಕಳುಹಿಸಿತು.

ಗಂಟೆ ಬಾರಿಸಿತು. ಜೇಮ್ಸನು ಯಾರ ಕಡೆಗೂ ತಿರುಗಿ ನೋಡದೆ, ಯಾರ ಕೈಯನ್ನೂ ಕುಲುಕದೆ ನೇರವಾಗಿ ಒಳಗೆ ನಡೆದನು. ಪತ್ರಕರ್ತರ ಮುಂದೆಯೂ ಬರಲಿಲ್ಲ. ಎದುರು ತಂಡದ ನಾಯಕಮಣಿ ಡ್ವೈಟ್ ಹೊವಾರ್ಡನು ಪರಕೀಯನೇನೂ ಅಲ್ಲ. ಹಿಂದಿನ ವರ್ಷವಷ್ಟೇ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಇಬ್ಬರೂ ಒಂದೇ ತಂಡದಲ್ಲಿ ಆಡಿ ಚಿನ್ನದ ಪದಕವನ್ನು ಗೆದ್ದವರು. ಮರುದಿನ ಕೇಳಿದವರಿಗೆ ಜೇಮ್ಸನು ಕೊಟ್ಟ ಉತ್ತರದ ತಾತ್ಪರ್ಯವಿಷ್ಟೆ: ತಾನು ಗೆಲ್ಲಲೆಂದೇ ಹುಟ್ಟಿದವನು, ತನ್ನನ್ನು ಬಡಿದವನಿಗೆ ಅಭಿನಂದನೆ ಹೇಳುವುದು ತನ್ನಿಂದಾಗದು, ಇದನ್ನು ಕ್ರೀಡಾಮನೋಭಾವದ ಕೊರತೆಯೆಂದು ಎಣಿಸಬೇಕಾಗಿಲ್ಲ. ಹೊವಾರ್ಡನಿಗೆ ಅನಂತರ ಈಮೇಲ್ ಮೂಲಕ ಅಭಿನಂದನೆಯನ್ನು ಕಳುಹಿಸಿದುದಾಗಿಯೂ ತಿಳಿಸಿದನು. ಪತ್ರಕರ್ತರನ್ನು ತಪ್ಪಿಸಿಕೊಂಡುದಕ್ಕಾಗಿ ಸಂಘವು 25,000 ಡಾಲರ್ ದಂಡ ವಿಧಿಸಿತು. ಕೈಕುಲುಕದಿದ್ದುದಕ್ಕೆ ದಂಡವಿಲ್ಲ, ಏಕೆಂದರೆ ಕುಲುಕಲೇಬೇಕೆಂದು ಹೇಳುವ ನಿಯಮವೇ ಇಲ್ಲ.

ನಿಯಮವಿಲ್ಲದ ಕಾರಣದಿಂದಲೇ ಆ ಕೈಕುಲುಕಿಗೆ ಬೆಲೆಯಿದೆಯೆಂದು ನಾನು ತಿಳಿದಿದ್ದೇನೆ. ಗೆದ್ದವನು ಕೈಚಾಚುವುದು ಸುಲಭ. ಸೋತವನು ಚಾಚಿದಾಗ ಮಾತ್ರ, ನಡೆದುದು ಆಟವೇ ಹೊರತು ಹೊಡೆದಾಟವಲ್ಲವೆಂದು ನೋಡುವವರಿಗೆ ಮನವರಿಕೆಯಾಗುವುದು. ಇದೇ ಸಂಘದಲ್ಲಿ 1991ರಲ್ಲಿ ಡೆಟ್ರಾಯಿಟ್ ತಂಡದವರು ಶಿಕಾಗೋಗೆ ಸೋಲುತ್ತಿರುವಾಗ, ಗಡಿಯಾರದಲ್ಲಿ ಇನ್ನೂ ಕೆಲವು ಸೆಕೆಂಡುಗಳು ಉಳಿದಿರುವಂತೆಯೇ, ಸಾಲಾಗಿ ಎದ್ದು ಎದುರಾಳಿಗಳ ಮುಂದೆಯೇ ಹೊರನಡೆದರು. ಅವರ ಮುಂದಾಳು ಐಸಾಯಾ ಥಾಮಸನು ಮರುವರ್ಷದ ಒಲಿಂಪಿಕ್ ತಂಡಕ್ಕೆ ಆಯ್ಕೆಯಾಗಲಿಲ್ಲ. ಅದಕ್ಕೂ ಇದಕ್ಕೂ ನಂಟು ಹಚ್ಚುವವರು ಇಂದಿಗೂ ಇದ್ದಾರೆ. ಎರಡು ಬಾರಿ ಚಾಂಪಿಯನ್ನರಾಗಿದ್ದ ಆ ತಂಡದ ಗೆಲುವುಗಳನ್ನು ಮರೆತವರಿಗೂ ಆ ಹೊರನಡಿಗೆ ನೆನಪಿದೆ. ಆದುದರಿಂದ ಆ ರಾತ್ರಿ ಜೇಮ್ಸನು ಮಾಡಿದುದು ತಪ್ಪೇ. ಇದರಲ್ಲಿ ನನಗೆ ಸಂದೇಹವಿಲ್ಲ.

ಇನ್ನು ಎರಡನೆಯ ಸಂಗತಿ. ಇದು ನಮ್ಮ ಹೋಟೆಲು ಕೆಲಸಗಾರರಿಗೂ ಗುಮಾಸ್ತರಿಗೂ ಆಟದ ವಿಷಯಕ್ಕಿಂತ ಬೇಗನೆ ಅರ್ಥವಾಗುವಂತಹುದು. ಒಂದು ಹೋಟೆಲಿನ ಭಟ್ಟನು ತನ್ನ ಧಣಿಯ ಅಪ್ಪಣೆಯಿಲ್ಲದೆ ಬೇರೊಂದು ಹೋಟೆಲಿಗೆ ಹೋಗುವಂತಿಲ್ಲ, ಹೋದರೆ ಅವನನ್ನು ಯಾರೂ ಒಲೆಯ ಬಳಿಗೆ ಸೇರಿಸಕೂಡದು ಎಂದು ಊರಿನ ಧಣಿಗಳೆಲ್ಲರೂ ತಮ್ಮತಮ್ಮಲ್ಲೇ ಕಟ್ಟು ಮಾಡಿಕೊಂಡರೆ ಹೇಗಿರಬಹುದು? ಅಮೇರಿಕಾದ ವೃತ್ತಿಪರ ಆಟಗಳಲ್ಲಿ ಬಹುಕಾಲ ನಡೆದುಬಂದುದು ಇದೇ. ಕರಾರಿನ ಅವಧಿ ತೀರಿದರೂ ಆಟಗಾರನು ಅದೇ ತಂಡದ ಸೊತ್ತು. ಮಾಲಿಕನು ಬೇಕಾದರೆ ಅವನನ್ನು ಬೇರೆ ತಂಡಕ್ಕೆ ಕೊಡಬಹುದು, ಆಟಗಾರನು ತಾನಾಗಿ ಹೋಗಲಾರ. ಇದರ ವಿರುದ್ಧ 1970ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದವನು ಆಸ್ಕರ್ ರಾಬರ್ಟ್‌ಸನ್, ಆ ಕಾಲದ ಅಗ್ರಗಣ್ಯ ಆಟಗಾರನೂ ಆಟಗಾರರ ಯೂನಿಯನ್ನಿನ ಅಧ್ಯಕ್ಷನೂ ಆಗಿದ್ದವನು. ಮೊಕದ್ದಮೆ ಆರು ವರ್ಷ ನಡೆದು 1976ರಲ್ಲಿ ರಾಜಿಯಲ್ಲಿ ಮುಗಿಯಿತು. ಪೂರ್ಣ ಸ್ವಾತಂತ್ರ್ಯಕ್ಕೆ 1988ರವರೆಗೆ ಕಾಯಬೇಕಾಯಿತು. ಕರಾರು ತೀರಿದ ಆಟಗಾರನು ತನಗಿಷ್ಟವಾದ ತಂಡದೊಡನೆ ಮಾತುಕತೆ ನಡೆಸುವ ಈ ಹಕ್ಕಿಗೇ ಫ್ರೀ ಏಜೆನ್ಸಿ ಎಂದು ಹೆಸರು. ಯಾವನೋ ಧನಿಕನ ಔದಾರ್ಯದಿಂದ ಬಂದುದಲ್ಲ ಅದು. ಆಟಗಾರರು ಹೋರಾಡಿ ಪಡೆದುದು.

ಜೇಮ್ಸನ ಕರಾರು 2010ರ ಬೇಸಗೆಯಲ್ಲಿ ತೀರುವುದಿತ್ತು. ಆದರೆ ಊಹಾಪೋಹಗಳು ಎರಡು ಮೂರು ವರ್ಷಗಳ ಮುಂಚೆಯೇ ಹೊಗೆಯಾಡತೊಡಗಿದವು. 2007ರಲ್ಲಿ ಆತನು ಕ್ಲೀವ್‌ಲೆಂಡಿನ ಬೇಸ್‌ಬಾಲ್ ಪಂದ್ಯವೊಂದಕ್ಕೆ ಎದುರಾಳಿ ನ್ಯೂಯಾರ್ಕ್ ತಂಡದ ಟೊಪ್ಪಿಗೆಯನ್ನು ತೊಟ್ಟು ಹೋದನು. ಆ ಟೊಪ್ಪಿಗೆಯ ಮೇಲೆ ಬರೆದ ಲೇಖನಗಳಿಗೆ ಲೆಕ್ಕವಿಲ್ಲ. 2008ರ ನವೆಂಬರಿನಲ್ಲಿ ನ್ಯೂಯಾರ್ಕಿನ ಬಾಸ್ಕೆಟ್‌ಬಾಲ್ ತಂಡವು ಒಂದೇ ದಿನ ತನ್ನ ಇಬ್ಬರು ದುಬಾರಿ ಆಟಗಾರರನ್ನು ಬೇರೆ ತಂಡಗಳಿಗೆ ದಾಟಿಸಿ, ಸಂಬಳದ ಮಿತಿಯೊಳಗೆ 2010ಕ್ಕೆ ಜಾಗ ಮಾಡಿಕೊಂಡಿತು. ಮುಂದೆ ಜೇಮ್ಸನು ಅದೇ ನ್ಯೂಯಾರ್ಕಿನಲ್ಲಿ 52 ಅಂಕ ಗಳಿಸಿದಾಗ, ಆತನು ಬರಲಿರುವ ಮನೆಯನ್ನು ನೋಡಲು ಬಂದಿದ್ದನೆಂಬಂತೆ ಮಾತನಾಡಿಕೊಂಡರು. ಆರ್ಲಾಂಡೋದಲ್ಲಿ ಕೈಕುಲುಕದೆ ಹೋದುದು ಇದೇ ಗಾಳಿಗೆ ಸಿಕ್ಕಿತು. ಪತ್ರಿಕೆ ನಡೆಸುವವನಾಗಿ ಇಂತಹ ಸುದ್ದಿಯ ಸೆಳೆತ ನನಗೆ ತಿಳಿಯದ್ದಲ್ಲ. ನಿಜವನ್ನು ಹುಡುಕಲು ಬಸ್ಸಿನ ಖರ್ಚಾದರೂ ಬೇಕು, ಊಹೆಗೆ ಅದೂ ಬೇಡ.

2010ರ ಮೇ ತಿಂಗಳಿನಲ್ಲಿ ಕ್ಲೀವ್‌ಲೆಂಡ್ ಬಾಸ್ಟನ್ನಿಗೆ ಸೋತಿತು. ಈ ಬಾರಿ ಜೇಮ್ಸನು ಎದುರಾಳಿಗಳನ್ನು ಅಪ್ಪಿಕೊಂಡು ಬೀಳ್ಕೊಂಡನು. ಅದನ್ನು ಯಾರು ಗಮನಿಸಿದರು? ಒಳಗೆ ಹೋಗುತ್ತ ಮೈಮೇಲಿನ ಅಂಗಿಯನ್ನು ತೆಗೆದುದನ್ನೇ ಎಲ್ಲರೂ ಎತ್ತಿ ಆಡಿದರು. ಜುಲೈ ಮೊದಲ ವಾರದಲ್ಲಿ ಆರು ತಂಡಗಳವರು ಕ್ಲೀವ್‌ಲೆಂಡಿನಲ್ಲಿ ಆತನ ಮುಂದೆ ಕುಳಿತು ತಮ್ಮತಮ್ಮ ಯೋಜನೆಗಳನ್ನು ವಿವರಿಸಿದರು. ಕೆಲಸಗಾರನು ಕುರ್ಚಿಯಲ್ಲಿ ಕುಳಿತು, ಧಣಿಗಳು ಅರ್ಜಿ ಹಿಡಿದು ಸಾಲಾಗಿ ಬರುವ ನೋಟವನ್ನು ನಮ್ಮವರು ಕಲ್ಪಿಸಿಕೊಳ್ಳಲಿ! ಜುಲೈ 8ರ ರಾತ್ರಿ ಆತನು ಟೆಲಿವಿಷನ್ನಿನ ವಿಶೇಷ ಕಾರ್ಯಕ್ರಮವೊಂದರಲ್ಲಿ ತಾನು ಮಯಾಮಿ ಹೀಟ್ ತಂಡವನ್ನು ಸೇರುವುದಾಗಿ ಸಾರಿದನು. ಸುಮಾರು ಒಂದು ಕೋಟಿ ಜನ ಅದನ್ನು ನೋಡಿದರು. ಆರು ವರ್ಷಕ್ಕೆ ಸುಮಾರು 11 ಕೋಟಿ ಡಾಲರುಗಳ ಕರಾರು. ಕ್ಲೀವ್‌ಲೆಂಡಿನಲ್ಲಿಯೇ ಉಳಿದಿದ್ದರೆ ಇದಕ್ಕಿಂತ ಹೆಚ್ಚು ದೊರೆಯುತ್ತಿತ್ತು. ಹಣದಾಸೆಗಾಗಿ ಹೋದನೆಂದು ದೂರುವವರು ಈ ಅಂಕಿಯನ್ನು ನೋಡುವುದು ಮೇಲು. ಕಾರ್ಯಕ್ರಮದ ಜಾಹೀರಾತಿನಿಂದ ಬಂದ 20 ಲಕ್ಷ ಡಾಲರಿಗೂ ಮಿಕ್ಕಿದ ಹಣವು ಬಡ ಮಕ್ಕಳ ಕ್ಲಬ್ಬುಗಳಿಗೆ ಸಂದಿತು.

ಆ ರಾತ್ರಿ ಕ್ಲೀವ್‌ಲೆಂಡಿನ ಬೀದಿಗಳಲ್ಲಿ ಜನರು ಆತನ ಹೆಸರಿನ ಅಂಗಿಗಳನ್ನು ಸುಟ್ಟರು. ತಂಡದ ಮಾಲಿಕ ಡ್ಯಾನ್ ಗಿಲ್ಬರ್ಟನು ಅಭಿಮಾನಿಗಳಿಗೆ ಬಹಿರಂಗ ಪತ್ರ ಬರೆದು, ಜೇಮ್ಸನು ಹೇಡಿಯಂತೆ ದ್ರೋಹ ಬಗೆದನೆಂದು ಜರೆದನು. ಆತನಿಗಿಂತ ಮುಂಚೆ ನಮ್ಮ ತಂಡವೇ ಚಾಂಪಿಯನ್ ಆಗುವುದೆಂದು ಭರವಸೆಯನ್ನೂ ಕೊಟ್ಟನು. ಆ ಪತ್ರವನ್ನು ಮಕ್ಕಳ ಪುಸ್ತಕದಲ್ಲಿ ಕಾಣುವಂತಹ ಉರುಟು ಅಕ್ಷರಗಳಲ್ಲಿ ಪ್ರಕಟಿಸಿದ್ದು ಬೇರೊಂದು ತಮಾಷೆ. ಓಡಿಹೋದ ಗುಲಾಮನನ್ನು ಕುರಿತು ಯಜಮಾನನು ಆಡುವ ಮಾತಿನಂತಿದೆಯೆಂದು ನೀಗ್ರೋ ಜನಾಂಗದ ಹಿರಿಯ ಮುಂದಾಳು ಜೆಸ್ಸಿ ಜಾಕ್ಸನ್ನರು ಖಂಡಿಸಿದರು. ಸಂಘವು ಗಿಲ್ಬರ್ಟನಿಗೆ ವಿಧಿಸಿದ ದಂಡ ಒಂದು ಲಕ್ಷ ಡಾಲರ್, ಜೇಮ್ಸನು ಹಿಂದೆ ತೆತ್ತುದರ ನಾಲ್ಕು ಪಟ್ಟು.

ಗಲ್ಲಾದ ಮೇಲೆ ಕುಳಿತು ಬಂದವನಾದ ನನಗೆ ಮಾಲಿಕನ ಸಂಕಟ ತಿಳಿಯದೆ ಇಲ್ಲ. ಕೈಗುಣವುಳ್ಳ ಭಟ್ಟನು ಹೊರಟುಹೋದರೆ ಒಲೆ ಮಾತ್ರ ಆರುವುದಿಲ್ಲ, ಗಿರಾಕಿಗಳೂ ಅವನ ಹಿಂದೆಯೇ ರಸ್ತೆ ದಾಟುತ್ತಾರೆ. ಹಿಂದಿನ ವರ್ಷ 61 ಪಂದ್ಯಗಳನ್ನು ಗೆದ್ದಿದ್ದ ಕ್ಲೀವ್‌ಲೆಂಡ್, ಜೇಮ್ಸನು ಹೋದ ವರ್ಷ ಗೆದ್ದುದು 19 ಮಾತ್ರ. ನಡುವೆ ಒಂದಾದ ಮೇಲೊಂದರಂತೆ 26 ಪಂದ್ಯಗಳನ್ನು ಸೋತಿತು. ಆದರೂ ಏಳು ವರ್ಷ ದುಡಿದು, ಕರಾರನ್ನು ಪೂರ್ತಿ ತೀರಿಸಿ ಹೋದವನನ್ನು ದ್ರೋಹಿಯೆನ್ನಲು ಯಾವ ಧಣಿಗೂ ಅಧಿಕಾರವಿಲ್ಲ. ಆಟಗಾರನು ಮಾರಿಕೊಂಡದ್ದು ಆಟವನ್ನು; ತನ್ನನ್ನಲ್ಲ.

ಹಾಗಾದರೆ ಜೇಮ್ಸನ ತಪ್ಪೇನೂ ಇಲ್ಲವೇ? ಇದೆ, ಅದು ಬಿಟ್ಟು ಹೋದುದರಲ್ಲಿಲ್ಲ, ಹೋದ ರೀತಿಯಲ್ಲಿದೆ. ಏಳು ವರ್ಷ ಅನ್ನವಿಕ್ಕಿದ ತಂಡಕ್ಕೆ ಸುದ್ದಿ ಮುಟ್ಟಿದುದು ಕಾರ್ಯಕ್ರಮಕ್ಕೆ ಸ್ವಲ್ಪ ಹೊತ್ತು ಮುಂಚೆ ಮಾತ್ರ. ಊರಿನ ಜನಕ್ಕೆ ಸಿಕ್ಕಿದುದು ಟೆಲಿವಿಷನ್ನಿನ ಪರದೆ. ನಮ್ಮ ಹೋಟೆಲುಗಳಲ್ಲಿಯೂ ಎರಡು ಬಗೆಯವರನ್ನು ಕಾಣುತ್ತೇವೆ. ಒಬ್ಬನು ತಿಂಗಳ ಮುಂಚೆ ಧಣಿಯ ಮುಂದೆ ನಿಂತು ಹೇಳಿ, ಹೊಸಬನಿಗೆ ಹಿಟ್ಟಿನ ಹದ ತೋರಿಸಿಕೊಟ್ಟು ಹೋಗುತ್ತಾನೆ. ಇನ್ನೊಬ್ಬನು ಸಂಬಳದ ಮರುದಿನ ಬೆಳಿಗ್ಗೆ ಇರುವುದಿಲ್ಲ. ಇಬ್ಬರಿಗೂ ಹೋಗುವ ಹಕ್ಕು ಒಂದೇ. 2009ರಲ್ಲಿ ಆರ್ಲಾಂಡೋದವರಿಗೆ ಚಾಚದೆ ಹೋದ ಕೈಯನ್ನೇ ಜೇಮ್ಸನು 2010ರಲ್ಲಿ ತನ್ನ ಸ್ವಂತ ಊರಿನವರಿಗೂ ಚಾಚಲಿಲ್ಲವೆಂದು ನಾನು ಹೇಳುತ್ತೇನೆ. ಜನರು ಸಿಟ್ಟಾದುದು ಹಕ್ಕಿನ ಮೇಲೆ. ನೊಂದುಕೊಂಡುದು ಮಾತ್ರ ಈ ಕೈಗಾಗಿ.

ಗಿಲ್ಬರ್ಟನ ಭರವಸೆ ಫಲಿಸಲಿಲ್ಲ. ಮಯಾಮಿಯಲ್ಲಿ ಮೊದಲ ವರ್ಷ ಡಲ್ಲಾಸಿಗೆ ಸೋತರೂ, 2012 ಮತ್ತು 2013ರಲ್ಲಿ ಜೇಮ್ಸನು ಚಾಂಪಿಯನ್ನನಾದನು. 2014ರ ಬೇಸಗೆಯಲ್ಲಿ ಆತನು ಮತ್ತೆ ಸ್ವತಂತ್ರನಾದಾಗ, ಕ್ಲೀವ್‌ಲೆಂಡ್ ತಂಡದ ವೆಬ್‌ಸೈಟಿನಲ್ಲಿ ನಾಲ್ಕು ವರ್ಷ ಹಾಗೆಯೇ ಉಳಿದಿದ್ದ ಆ ಪತ್ರವು ಸದ್ದಿಲ್ಲದೆ ಮಾಯವಾಯಿತು. ಗಿಲ್ಬರ್ಟನು ತಾನೇ ವಿಮಾನವೇರಿ ಹೋಗಿ ಜೇಮ್ಸನನ್ನು ಕಂಡನು. ಇಬ್ಬರೂ ಎದುರುಬದುರು ಕುಳಿತು, ಆದುದಕ್ಕೆ ಪರಸ್ಪರ ಕ್ಷಮೆ ಕೋರಿದರು. ಈ ಬಾರಿ ಟೆಲಿವಿಷನ್ನಿನ ಆಡಂಬರವಿರಲಿಲ್ಲ. ಜುಲೈ 11ರಂದು ಕ್ರೀಡಾಪತ್ರಿಕೆಯೊಂದರಲ್ಲಿ ಪ್ರಕಟವಾದ ಲೇಖನದ ಮೂಲಕ ತಾನು ಊರಿಗೆ ಹಿಂದಿರುಗುವುದಾಗಿ ತಿಳಿಸಿದನು. ಅದರಲ್ಲಿ ಚಾಂಪಿಯನ್ ಪದವಿಯ ಭರವಸೆಯನ್ನು ಕೊಡಲಿಲ್ಲ. 2016ರ ಅಂತಿಮ ಸುತ್ತಿನಲ್ಲಿ 1–3ರಿಂದ ಹಿಂದೆ ಬಿದ್ದಿದ್ದ ಕ್ಲೀವ್‌ಲೆಂಡ್, ಉಳಿದ ಮೂರು ಪಂದ್ಯಗಳನ್ನೂ ಗೆದ್ದಿತು. ಜೂನ್ 19ರ ಕೊನೆಯ ಪಂದ್ಯದಲ್ಲಿ ಅಂಕಗಳು 93–89. ಆ ಮೊದಲು ಯಾವ ತಂಡವೂ ಅಂತಹ ಹಿನ್ನಡೆಯಿಂದ ಮೇಲೆದ್ದು ಅಂತಿಮ ಸುತ್ತನ್ನು ಗೆದ್ದುದಿಲ್ಲ. ಐವತ್ತೆರಡು ವರ್ಷಗಳ ಬರ ಹಿಂಗಿತು. ಅಂಗಣದಲ್ಲಿ ಮುಖವನ್ನು ನೆಲಕ್ಕೊತ್ತಿ ಅಳುತ್ತಿದ್ದ ಜೇಮ್ಸನನ್ನು ಲೋಕವೇ ಕಂಡಿತು.

2018ರಲ್ಲಿ ಜೇಮ್ಸನು ಎರಡನೆಯ ಬಾರಿ ಕ್ಲೀವ್‌ಲೆಂಡನ್ನು ಬಿಟ್ಟು ಲಾಸ್ ಏಂಜಲೀಸಿನ ಲೇಕರ್ಸ್ ತಂಡಕ್ಕೆ ಹೋದನು. ನಾಲ್ಕು ವರ್ಷಕ್ಕೆ ಸುಮಾರು 15 ಕೋಟಿ ಡಾಲರುಗಳ ಕರಾರೆಂದು ಜುಲೈ 1ರಂದು ಆತನ ಏಜೆಂಟರು ಹೊರಡಿಸಿದ ಪ್ರಕಟಣೆ ಚಿಕ್ಕದು. ಬೀದಿಯ ಬೆಂಕಿಯ ವರ್ತಮಾನ ಈ ಸಲ ಬರಲಿಲ್ಲ. ಅಂದೇ ಗಿಲ್ಬರ್ಟನು ಮತ್ತೊಂದು ಹೇಳಿಕೆಯನ್ನು ಕೊಟ್ಟನು. ಅದರಲ್ಲಿ ಜೇಮ್ಸನಿಗೂ ಆತನ ಕುಟುಂಬಕ್ಕೂ ಕೃತಜ್ಞತೆಯನ್ನು ಸೂಚಿಸಿ, ಮುಂದೊಂದು ದಿನ ಕ್ಲೀವ್‌ಲೆಂಡಿನಲ್ಲಿ ಆತನ 23ನೆಯ ಅಂಕಿಯ ಅಂಗಿಯನ್ನು ಗೌರವದಿಂದ ಮೇಲೆ ಕಟ್ಟುವ ದಿನವನ್ನು ಎದುರುನೋಡುತ್ತಿರುವುದಾಗಿ ಬರೆದಿದ್ದನು. ಹಾಗೆ ಕಟ್ಟಿದ ಮೇಲೆ ಆ ತಂಡದಲ್ಲಿ ಬೇರೆ ಯಾವ ಆಟಗಾರನಿಗೂ ಆ ಅಂಕಿಯನ್ನು ಕೊಡುವುದಿಲ್ಲ.