ಅಪ್ಪ-ಮಗ ಮಾಡಿದ ಗಿಟಾರ್

ಮಕ್ಕಳೇ, ಇಂಗ್ಲೆಂಡಿನ ಬ್ರಯಾನ್ ಮೇ ಹುಡುಗನಾಗಿದ್ದಾಗ ಒಳ್ಳೆಯ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವಷ್ಟು ಹಣ ಮನೆಯಲ್ಲಿರಲಿಲ್ಲ. 1963ರಲ್ಲಿ ಅಪ್ಪ ಹೆರಾಲ್ಡ್ ಜೊತೆ ಸೇರಿ ತಾನೇ ಮಾಡಲು ಹೊರಟ. ಹಳೆಯ ಬೆಂಕಿಗೂಡಿನ ಮರ ಗಿಟಾರಿನ ಕುತ್ತಿಗೆಯಾಯಿತು. ಮೋಟಾರ್ ಸೈಕಲಿನ ಸ್ಪ್ರಿಂಗು, ಅಮ್ಮನ ಹೊಲಿಗೆ ಡಬ್ಬಿಯ ಗುಂಡಿಗಳೂ ಸೇರಿದವು. ಕೆಲಸಕ್ಕೆ ಸುಮಾರು ಎರಡು ವರ್ಷ ಹಿಡಿಯಿತು.

ಮುಂದೆ ಬ್ರಯಾನ್ ಲಂಡನ್ನಿನಲ್ಲಿ ಖಗೋಳ ವಿಜ್ಞಾನದ ಪಿಎಚ್‌.ಡಿ.ಗೆ ಸೇರಿದರು. ಅದನ್ನು ಅರ್ಧಕ್ಕೆ ಬಿಟ್ಟು ‘ಕ್ವೀನ್’ ಎಂಬ ರಾಕ್ ತಂಡವನ್ನೇ ನಂಬಿ ಹೊರಟಾಗ ಅಪ್ಪನಿಗೆ ತುಂಬ ನೋವಾಯಿತು. ಮಗನ ಕೈಯಲ್ಲಿದ್ದದ್ದು ತಾವೇ ಮಾಡಿಕೊಟ್ಟ ಗಿಟಾರು! ಅದರ ನಾದಕ್ಕೆ ಜಗತ್ತೇ ತಲೆದೂಗಿತು.

2007ರಲ್ಲಿ, 60ನೆಯ ವಯಸ್ಸಿಗೆ, ಬ್ರಯಾನ್ ಗ್ರಹಗಳ ನಡುವಿನ ಧೂಳಿನ ಬಗ್ಗೆ ಪ್ರಬಂಧ ಮುಗಿಸಿ ಡಾಕ್ಟರೇಟ್ ಪಡೆದರು. ನೋಡಿ ಸಂತೋಷಪಡಲು ಅಪ್ಪ ಉಳಿದಿರಲಿಲ್ಲ. ಆ ಗಿಟಾರ್ ಮಾತ್ರ ಮಗನ ಜೊತೆಗೇ ಇತ್ತು.